ಲಿಂಫೋಮಾ: ಕೋಶ ಚಕ್ರದ ಜೀನ್‌ಗಳು ದಾರಿ ತಪ್ಪಿದರೆ ಏನಾಗುತ್ತದೆ?

ನವಿ ಮುಂಬೈ: ಲಿಂಫೋಮಾ ಎಂದರೆ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್. ಇದು ಮರುಕಳಿಸಿದಾಗ ನೀಡುವ ಕಾರ್-ಟಿ ಚಿಕಿತ್ಸೆಗೆ ಖಾರ್ಘರ್‌ನಲ್ಲಿರುವ ಟಾಟಾ ಸ್ಮಾರಕ ಕೇಂದ್ರದ ಆಕ್ಟ್ರೆಕ್ ಈಗ ಹೆಸರಾಗಿದೆ. ಐಐಟಿ ಬಾಂಬೆ ಜೊತೆಗೂಡಿ ರೂಪಿಸಿದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು. ಆದರೆ ಈ ಕಾಯಿಲೆ ಹುಟ್ಟುವುದು ಹೇಗೆ?

ದೇಹದ ಕೋಶ ಮನಬಂದಂತೆ ಎರಡಾಗುವುದಿಲ್ಲ. ಸೈಕ್ಲಿನ್ ಮತ್ತು ಸಿಡಿಕೆ ಎಂಬ ಪ್ರೋಟೀನ್‌ಗಳು ಅದನ್ನು ಮುಂದಕ್ಕೆ ತಳ್ಳಿದರೆ, ಆರ್‌ಬಿ, ಪಿ16, ಪಿ53 ತಡೆ ಹಿಡಿಯುತ್ತವೆ. ಈ ನಿಯಂತ್ರಣವನ್ನು ಪತ್ತೆ ಹಚ್ಚಿದ ಹಾರ್ಟ್‌ವೆಲ್, ಹಂಟ್ ಮತ್ತು ನರ್ಸ್ ಅವರಿಗೆ 2001ರಲ್ಲಿ ನೊಬೆಲ್ ಸಂದಿತು.

ಎಡವಟ್ಟು ಆಗುವುದೆಲ್ಲಿ?

ಬಿ ಕೋಶಗಳು ಪ್ರತಿಕಾಯ ತಯಾರಿಸಲು ತಮ್ಮದೇ ಡಿಎನ್‌ಎಯನ್ನು ಕತ್ತರಿಸಿ ಮರುಜೋಡಿಸುತ್ತವೆ. ದೇಹದ ಬಹುತೇಕ ಬೇರೆ ಕೋಶಗಳಿಗಿಲ್ಲದ ಅಪಾಯ ಇದು. ಜೋಡಣೆ ತಪ್ಪಿದರೆ 11ನೇ ವರ್ಣತಂತುವಿನ ಸೈಕ್ಲಿನ್ ಡಿ1 ಜೀನ್, 14ನೇ ವರ್ಣತಂತುವಿನ ಪ್ರತಿಕಾಯ ಜೀನ್ ಪಕ್ಕ ಬಂದು ಕೂರುತ್ತದೆ. ಅಲ್ಲಿ ಸ್ವಿಚ್ ಸದಾ ಆನ್! ಸೈಕ್ಲಿನ್ ಡಿ1 ಅತಿಯಾಗಿ ತಯಾರಾಗಿ ಆರ್‌ಬಿಯ ತಡೆ ಸಡಿಲವಾಗುತ್ತದೆ, ಕೋಶ ವಿಭಜನೆ ನಿಲ್ಲುವುದಿಲ್ಲ. ಇದೇ ಮ್ಯಾಂಟಲ್ ಸೆಲ್ ಲಿಂಫೋಮಾ.

ಬರ್ಕಿಟ್ ಲಿಂಫೋಮಾದಲ್ಲಿ ಹೀಗೆ ಜಾಗ ಬದಲಿಸುವುದು 8ನೇ ವರ್ಣತಂತುವಿನ ಮಿಕ್ ಜೀನ್. ಗಡ್ಡೆ ಒಂದೆರಡು ದಿನದಲ್ಲೇ ದುಪ್ಪಟ್ಟಾಗಬಲ್ಲದು. ಹಾಗಂತ ಎಲ್ಲಾ ಲಿಂಫೋಮಾಗಳೂ ವೇಗದ ಕಾಯಿಲೆಗಳಲ್ಲ. ಫಾಲಿಕ್ಯುಲರ್ ಬಗೆಯಲ್ಲಿ ಕೆಡುವುದು ಹೆಚ್ಚಾಗಿ ಬಿಸಿಎಲ್2. ಅಲ್ಲಿ ಕೋಶ ಬೇಗ ಬೆಳೆಯುವುದಕ್ಕಿಂತ ಸಾಯಲು ಒಪ್ಪದಿರುವುದೇ ಸಮಸ್ಯೆ.

ಜೀನ್ ಎಂದಾಕ್ಷಣ 'ಮಕ್ಕಳಿಗೂ ಬರುತ್ತಾ?' ಎಂಬ ಭಯ ಸಹಜ. ಈ ಅದಲುಬದಲು ಹುಟ್ಟಿದ ನಂತರ ರೋಗಿಯ ಬಿ ಕೋಶದಲ್ಲಷ್ಟೇ ನಡೆಯುವುದರಿಂದ ಮುಂದಿನ ಪೀಳಿಗೆಗೆ ದಾಟುವುದಿಲ್ಲ.

ಯಾವ ಜೀನ್ ಕೆಟ್ಟಿದೆ ಎಂಬುದರ ಮೇಲೆ ಚಿಕಿತ್ಸೆ ಬದಲಾಗುತ್ತದೆ. ಮ್ಯಾಂಟಲ್ ಸೆಲ್ ಬಗೆಯಲ್ಲಿ ಪಿ53 ಕೂಡ ಕೆಟ್ಟಿದ್ದರೆ ಸಾಮಾನ್ಯ ಕೀಮೋಥೆರಪಿ ಅಷ್ಟಾಗಿ ಫಲ ಕೊಡದು. ಬಯಾಪ್ಸಿ ಮಾದರಿಯ ಮೇಲೆ ಸೈಕ್ಲಿನ್ ಡಿ1 ಪರೀಕ್ಷೆ, ಫಿಶ್ ಪರೀಕ್ಷೆ ಮಾಡಿಸುವುದು ಇದಕ್ಕಾಗಿಯೇ. ಕಾರ್-ಟಿ ದಾರಿ ಬೇರೆ: ಅದು ಕೆಟ್ಟ ಜೀನನ್ನು ಸರಿಪಡಿಸುವುದಿಲ್ಲ, ಬಿ ಕೋಶದ ಮೇಲಿರುವ ಸಿಡಿ19 ಗುರುತು ಹಿಡಿದು ಕೋಶವನ್ನೇ ಕೊಲ್ಲುತ್ತದೆ.

ಕುತ್ತಿಗೆ, ಕಂಕುಳು, ತೊಡೆಸಂದಿನಲ್ಲಿ ನೋವಿಲ್ಲದ ಗಂಟು, ಬಿಡದ ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇದರ ಲಕ್ಷಣಗಳು. ಕ್ಷಯ ರೋಗದಲ್ಲೂ ಇವೇ ಕಾಣಿಸುತ್ತವೆ. ಬಯಾಪ್ಸಿ ಇಲ್ಲದೆ ಕ್ಷಯದ ಮಾತ್ರೆ ಶುರು ಮಾಡಿ, ತಿಂಗಳುಗಳು ಕಳೆದ ಮೇಲೆ ಲಿಂಫೋಮಾ ಎಂದು ಗೊತ್ತಾಗುವ ಪ್ರಕರಣಗಳು ನಮ್ಮಲ್ಲಿ ಹೊಸದೇನಲ್ಲ.