ಕೋಣನ ಮುಂದೆ ಕಿನ್ನರಿ

ಹೇಳಿದ್ದು ತಲೆಗೆ ಹೋಗದವರನ್ನು ಕಂಡರೆ ನಮ್ಮ ಕಾಸರಗೋಡಿನ ಕನ್ನಡ ಮನೆಗಳಲ್ಲಿ ‘ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ’ ಎನ್ನುತ್ತಾರೆ. ನೆರೆಮನೆಯ ಮಲಯಾಳದಲ್ಲಿ ಅದು ‘ಪೋತ್ತಿನ ಕಿವಿಯಲ್ಲಿ ವೇದ’. ಪೋತ್ತು ಎಂದರೂ ಕೋಣವೇ. ಪ್ರಾಣಿ ಒಂದೇ, ಕೇಳಿಸಹೊರಟದ್ದು ಮಾತ್ರ ಬೇರೆ.

ಕಿನ್ನರಿ ಸೋರೆಬುರುಡೆ ಕಟ್ಟಿದ ತಂತಿವಾದ್ಯ. 12ನೆಯ ಶತಮಾನದ ಶರಣ ಬೊಮ್ಮಯ್ಯನ ಹೆಸರಿಗೇ ಅದು ಅಂಟಿಕೊಂಡಿದೆ. ಇಂದು ವಾದ್ಯ ಅಪರೂಪವಾದರೂ ಗಾದೆ ಅದನ್ನು ಉಳಿಸಿದೆ.

ಕೋಣವೇನೂ ದಡ್ಡ ಪ್ರಾಣಿಯಲ್ಲ. ಕೆಸರುಗದ್ದೆಯಲ್ಲಿ ಉಳುವವನ ದನಿಗೆ ತಿರುಗಿದ್ದು, ಕಂಬಳದಲ್ಲಿ ಓಡಿದ್ದು ಅದೇ. ಗಾದೆ ಬೈಯುವುದು ಕೋಣನನ್ನಲ್ಲ, ಕೇಳುವ ಮನಸ್ಸಿಲ್ಲದ ಮನುಷ್ಯನನ್ನು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಗಾದೆಗಳು ಗಡಿ ನೋಡಲಿಲ್ಲ. ಮಕ್ಕಳು ವೇದದ ಗಾದೆಯನ್ನು ಗೆಳೆಯರಿಂದ ಕಲಿತಾರು. ಕಿನ್ನರಿಯದನ್ನು ಮನೆಯಲ್ಲಿ ನಾವೇ ಆಡಿ ಉಳಿಸಬೇಕು.