ಚಿಕ್ಕಮಗಳೂರಿನ ೧೯೭೮ರ ಉಪಚುನಾವಣೆಯೂ ಮತದಾರರ ಅಧಿಕಾರವೂ

ಪ್ರಜೆಗಳು ಆರಿಸಿ ಕಳುಹಿಸಿದ ಪ್ರತಿನಿಧಿಯ ಸ್ಥಾನವು ಯಾರ ಅಧೀನ? ಆರಿಸಿದವರದೋ, ಸಭೆಯದೋ? ಈ ಪ್ರಶ್ನೆಗೆ ಮಲೆನಾಡಿನ ಇತಿಹಾಸದಲ್ಲಿಯೇ ಒಂದು ನಿದರ್ಶನವುಂಟು. ಅದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸುವೆವು.

೧೯೭೭ರ ಮಹಾಚುನಾವಣೆಯಲ್ಲಿ ಶ್ರೀಮತಿ ಇಂದಿರಾ ಗಾಂಧಿಯವರು ರಾಯ್‌ಬರೇಲಿಯಲ್ಲಿ ಪರಾಜಿತರಾದರು. ಮರುವರ್ಷ ಶ್ರೀ ಡಿ. ಬಿ. ಚಂದ್ರೇಗೌಡರು ತಮ್ಮ ಚಿಕ್ಕಮಗಳೂರು ಲೋಕಸಭಾ ಸ್ಥಾನವನ್ನು ಅವರಿಗಾಗಿ ತೆರವು ಮಾಡಿದರು. ಜನತಾ ಪಕ್ಷವು, ೧೯೬೮ರಿಂದ ೧೯೭೧ರವರೆಗೆ ಮುಖ್ಯಮಂತ್ರಿಗಳಾಗಿದ್ದ ಶ್ರೀ ವೀರೇಂದ್ರ ಪಾಟೀಲರನ್ನು ಪ್ರತಿಸ್ಪರ್ಧಿಯಾಗಿ ನಿಲ್ಲಿಸಿತು. ರಾಜ್ಯದಲ್ಲಿ ದೇವರಾಜ ಅರಸರ ಇಂದಿರಾ ಕಾಂಗ್ರೆಸ್ ಸರ್ಕಾರವೂ ಕೇಂದ್ರದಲ್ಲಿ ಜನತಾ ಸರ್ಕಾರವೂ ಇದ್ದುದರಿಂದ ಈ ಸ್ಪರ್ಧೆಯು ಎರಡು ಅಧಿಕಾರಪೀಠಗಳ ಬಲಪರೀಕ್ಷೆಯೇ ಆಯಿತು. ಒಬ್ಬರು ಉತ್ತರದೇಶದವರು, ಮತ್ತೊಬ್ಬರು ಕಲಬುರಗಿ ಸೀಮೆಯವರು; ಇಬ್ಬರೂ ಮಲೆನಾಡಿಗೆ ಹೊರಗಿನವರೇ. ನಿರ್ಣಯಿಸತಕ್ಕವರು ಮಾತ್ರ ಕಾಫಿತೋಟದ ಆಳುಗಳು, ಅಡಕೆತೋಟದ ಒಡೆಯರು, ತುಂಗಾತೀರದ ನೆಮ್ಮಾರಿನಂತಹ ಗ್ರಾಮಗಳ ಗೃಹಸ್ಥರು. ನವೆಂಬರಿನಲ್ಲಿ ನಡೆದ ಈ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ೭೦,೦೦೦ಕ್ಕೂ ಮಿಕ್ಕ ಮತಗಳ ಅಂತರದಿಂದ ಜಯಶಾಲಿಗಳಾದರು.

ಈ ತೀರ್ಪು ಎರಡು ತಿಂಗಳೂ ನಿಲ್ಲಲಿಲ್ಲ. ೧೯೭೫ರಲ್ಲಿ, ಮಾರುತಿ ಸಂಸ್ಥೆಯನ್ನು ಕುರಿತ ಲೋಕಸಭೆಯ ಪ್ರಶ್ನೆಗೆ ವಿವರ ಸಂಗ್ರಹಿಸುತ್ತಿದ್ದ ಅಧಿಕಾರಿಗಳಿಗೆ ತೊಂದರೆ ಕೊಡಿಸಿದರೆಂಬ ಹಕ್ಕುಚ್ಯುತಿಯ ಆರೋಪದ ಮೇಲೆ, ೧೯೭೮ನೆಯ ಡಿಸೆಂಬರ್ ೧೯ರಂದು ಲೋಕಸಭೆಯು ಅವರನ್ನು ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ಸೆರೆವಾಸವನ್ನೂ ವಿಧಿಸಿತು.

ಇಲ್ಲಿ ಪೂರ್ವಪಕ್ಷವು ದುರ್ಬಲವಲ್ಲ. ಪ್ರಶ್ನೆ ಕೇಳುವ ಹಕ್ಕನ್ನು ಕಾಯಲಾರದ ಸಭೆಗೆ ಸಭಾತ್ವವೇ ಇಲ್ಲ. ಚುನಾವಣೆಯ ಜಯವು ಹಿಂದಿನ ದೋಷಕ್ಕೆ ಪ್ರಾಯಶ್ಚಿತ್ತವೂ ಅಲ್ಲ. ಆದರೆ ದೇಶ, ಕಾಲ, ಅಪರಾಧಗಳನ್ನು ನೋಡಿ ದಂಡವನ್ನು ವಿಧಿಸಬೇಕೆಂಬುದು ಧರ್ಮಶಾಸ್ತ್ರಕಾರರ ಮತ. ಆರೋಪಿತ ಕಾರ್ಯವು ಹಿಂದಿನ ಲೋಕಸಭೆಯ ಕಾಲದ್ದು. ಅದರಲ್ಲಿ ಚಿಕ್ಕಮಗಳೂರಿನ ಮತದಾರರ ಪಾತ್ರವಿಲ್ಲ. ಸೆರೆವಾಸವು ವ್ಯಕ್ತಿಗೆ ತಗುಲಿದ ದಂಡ; ಉಚ್ಚಾಟನೆಯಾದರೋ ಆರಿಸಿದವರಿಗೂ ತಗುಲಿತು.

೧೯೮೧ರ ಮೇ ತಿಂಗಳಿನಲ್ಲಿ ಏಳನೆಯ ಲೋಕಸಭೆಯು ಆ ನಿರ್ಣಯವನ್ನು ರದ್ದುಪಡಿಸಿತು. ಆದರೆ ಆರನೆಯ ಲೋಕಸಭೆಯು ೧೯೭೯ರಲ್ಲಿಯೇ ವಿಸರ್ಜಿತವಾಗಿತ್ತು. ಆದ್ದರಿಂದ ವ್ಯಕ್ತಿಯ ಕಳಂಕವು ಅಳಿಯಿತೇ ಹೊರತು, ಮತದಾರರು ಆರಿಸಿದ್ದ ಪ್ರಾತಿನಿಧ್ಯವು ಅವರಿಗೆ ಮರಳಲಿಲ್ಲ. ಮುಂದೆ ೨೦೦೭ರಲ್ಲಿ, ಬೇರೊಂದು ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯವು ಉಚ್ಚಾಟನೆಯ ಅಧಿಕಾರವು ಸಂಸತ್ತಿಗೆ ಉಂಟೆಂದೂ, ಅದು ನ್ಯಾಯಾಲಯದ ವಿಮರ್ಶೆಗೆ ಒಳಪಟ್ಟುದೆಂದೂ ತೀರ್ಮಾನಿಸಿತು.

ಆದುದರಿಂದ ಸಭೆಗೆ ಈ ಅಧಿಕಾರವುಂಟೆಂಬುದು ಸಿದ್ಧ. ಆದರೆ ಒಂದು ಸಭೆಯ ಬಹುಮತವು ಮಾಡಿದುದನ್ನು ಮತ್ತೊಂದು ಸಭೆಯ ಬಹುಮತವು ಅಳಿಸಬಲ್ಲುದಾದರೆ, ನಡುವೆ ಕಳೆದುಹೋಗುವುದು ಮತದಾರನ ಮಾತು. ಉಚ್ಚಾಟನೆಯನ್ನು ಸಭೆಯು ಕಟ್ಟಕಡೆಯ ದಂಡವಾಗಿ ಮಾತ್ರ ಬಳಸತಕ್ಕದ್ದೆಂಬುದೇ ಈ ಇತಿಹಾಸದಿಂದ ತಿಳಿಯತಕ್ಕ ಅಂಶ.