ಮುಕ್ತ ತಂತ್ರಾಂಶದ ಹಣಕಾಸು ಮತ್ತು ದಾಖಲೀಕರಣ: ಕನ್ನಡದ ಚರಿತ್ರೆ

ಆಕರ ಸಂಕೇತವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶಕ್ಕೆ ಮುಕ್ತ ತಂತ್ರಾಂಶ ಎನ್ನುತ್ತಾರೆ. ಅದನ್ನು ಬರೆಯುವವರ, ಆಮೇಲೆ ವರ್ಷಗಟ್ಟಲೆ ರಿಪೇರಿ ಮಾಡುವವರ ಖರ್ಚನ್ನು ಹೊರುವವರು ಯಾರು, ಬಳಸುವ ಬಗೆಯನ್ನು ಬರೆದಿಡುವವರು ಯಾರು ಎಂಬ ಎರಡು ಪ್ರಶ್ನೆಗಳು 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಯನ್ನು ಘೋಷಿಸಿದ ಕಾಲದಿಂದಲೂ ಇವೆ. ಆರಂಭದಲ್ಲಿ ಎರಡಕ್ಕೂ ಒಂದೇ ಉತ್ತರ ಸಿಕ್ಕಿತ್ತು: ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ತಂತ್ರಾಂಶದ ಟೇಪುಗಳ ಜೊತೆಗೆ ಅಚ್ಚಾದ ಕೈಪಿಡಿಗಳನ್ನೂ ಮಾರಿ ಹಣ ಕೂಡಿಸುತ್ತಿತ್ತು. ಇಂಟರ್‌ನೆಟ್ ಬಂದ ಮೇಲೆ ಆ ದಾರಿ ಕಿರಿದಾಯಿತು. 2014ರಲ್ಲಿ ‘ಹಾರ್ಟ್‌ಬ್ಲೀಡ್’ ದೋಷ ಬಯಲಾದಾಗ, ಜಗತ್ತಿನ ಬ್ಯಾಂಕು, ಅಂಗಡಿಗಳ ಜಾಲತಾಣಗಳನ್ನು ಕಾಯುತ್ತಿದ್ದ ಓಪನ್‌ಎಸ್‌ಎಸ್‌ಎಲ್ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಮಾತ್ರ ಎಂದು ಎಲ್ಲರಿಗೂ ತಿಳಿಯಿತು.

ಕನ್ನಡದಲ್ಲಿ ಕಥೆ ಬೇರೆ ರೀತಿಯಲ್ಲಿ ಶುರುವಾಯಿತು. 1998ರಲ್ಲಿ ಕನ್ನಡ ಟೈಪು ಮಾಡುವ ತಂತ್ರಾಂಶ, ಶೇಷಾದ್ರಿವಾಸು ಅವರ ‘ಬರಹ’ ಬಂತು. ಅದರ ಬೆನ್ನಿಗೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದು, ಸರ್ಕಾರದ ಬೆಂಬಲದಿಂದ ಕಚೇರಿಗಳನ್ನು ಹೊಕ್ಕಿತು. ತಾಲ್ಲೂಕು ಕಚೇರಿಯ ಗುಮಾಸ್ತರಿಂದ ಡಿಟಿಪಿ ಅಂಗಡಿಯವರ ತನಕ ಅನೇಕ ಕನ್ನಡಿಗರು ಕಂಪ್ಯೂಟರಿನಲ್ಲಿ ಬರೆಯಲು ಕಲಿತದ್ದು ಇವೆರಡರಿಂದ. ಈ ಉಪಕಾರ ಸಣ್ಣದಲ್ಲ. ಆದರೆ ಆಗ ಎರಡೂ ಕಾಸಿಲ್ಲದೆ ಸಿಗುತ್ತಿದ್ದವೇ ಹೊರತು ಒಳಗಿನ ಸಂಕೇತ ಜನರ ಕೈಗೆ ಸಿಕ್ಕಿರಲಿಲ್ಲ. ಯೂನಿಕೋಡಿನಲ್ಲಿ 1991ರಿಂದಲೇ ಕನ್ನಡಕ್ಕೆ ಜಾಗವಿದ್ದರೂ ಲಕ್ಷಾಂತರ ಪುಟಗಳು ಹಳೆಯ ಫಾಂಟುಗಳ ಖಾಸಗಿ ಸಂಕೇತದಲ್ಲೇ ಟೈಪಾದವು. ಅವನ್ನು ಮತ್ತೆ ಓದುವಂತೆ ಮಾಡಲು ಪರಿವರ್ತಕ ತಂತ್ರಾಂಶಗಳು ಬೇಕಾದವು. ಆ ಕೆಲಸವನ್ನು ಸಂಬಳವಿಲ್ಲದೆ ಮಾಡಿದವರಲ್ಲಿ ಮುಕ್ತ ತಂತ್ರಾಂಶದ ಹುಡುಗರೂ ಇದ್ದರು. ಅಕ್ಷರಗಳ ವಿಷಯದಲ್ಲಿ ಕಂಪನಿಯೊಂದರ ನೆರವೂ ಒದಗಿತು. ರೆಡ್ ಹ್ಯಾಟ್ 2004ರಲ್ಲಿ ಬಿಡುಗಡೆ ಮಾಡಿದ ಲೋಹಿತ್ ಫಾಂಟ್ ಮಾಲೆಗೆ ಮುಂದೆ ಕನ್ನಡವೂ ಸೇರಿತು. ಸ್ವಯಂಸೇವಕರು ರೂಪಿಸಿದ ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್ ಲಿನಕ್ಸಿನಲ್ಲಿ ಜಾಗ ಪಡೆದವು.

ಈ ಚರಿತ್ರೆಯಲ್ಲಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿಗೂ ಒಂದು ಜಾಗವಿದೆ, ಅದು ಬಂದದ್ದು ವಚನಗಳ ಮೂಲಕ. ಅಲ್ಲಮಪ್ರಭು ಬಳ್ಳಿಗಾವಿಯವನು, ಅಕ್ಕಮಹಾದೇವಿ ಉಡುತಡಿಯವಳು. ಎರಡೂ ಊರು ಈ ತಾಲ್ಲೂಕಿನವೇ. ರಾಜ್ಯ ಸರ್ಕಾರ 1993ರಲ್ಲಿ ಸಮಗ್ರ ವಚನ ಸಂಪುಟಗಳನ್ನು ಪ್ರಕಟಿಸಿತ್ತು. ‘ಸಂಚಯ’ ತಂಡದ ಓಂಶಿವಪ್ರಕಾಶ್ ಮತ್ತು ಗೆಳೆಯರು, ಕಥೆಗಾರ ವಸುಧೇಂದ್ರ ಹಾಗೂ ವಿದ್ವಾಂಸ ಓ. ಎಲ್. ನಾಗಭೂಷಣಸ್ವಾಮಿ ಅವರ ಜೊತೆ ಸೇರಿ, 20,000ಕ್ಕೂ ಹೆಚ್ಚು ವಚನಗಳನ್ನು ಯೂನಿಕೋಡಿಗೆ ತಂದು ‘ವಚನ ಸಂಚಯ’ವನ್ನು ಕಟ್ಟಿದರು. ಒಂದು ಪದವನ್ನು ಅಲ್ಲಮ ಎಲ್ಲೆಲ್ಲಿ ಬಳಸಿದ್ದಾನೆ, ಅಕ್ಕ ಎಲ್ಲೆಲ್ಲಿ ಬಳಸಿದ್ದಾಳೆ ಎಂದು ಅದರಲ್ಲಿ ಕ್ಷಣದಲ್ಲಿ ನೋಡಬಹುದು. ಸಂಪುಟಗಳಿಗೆ ಸರ್ಕಾರದ ದುಡ್ಡಿತ್ತು. ಹುಡುಕುವ ಯಂತ್ರಕ್ಕೆ ಇದ್ದದ್ದು ಕೆಲವರ ಬಿಡುವಿನ ವೇಳೆ.

ಈ ಸೀಮೆಗೆ ದತ್ತಿಯ ಲೆಕ್ಕ ಹೊಸದಲ್ಲ. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 7ನೆಯ ಸಂಪುಟದಲ್ಲಿ (1902) ಶಿಕಾರಿಪುರದ, 8ನೆಯದರಲ್ಲಿ (1904) ನೆರೆಯ ಸೊರಬದ ಶಾಸನಗಳಿವೆ. ಬಳ್ಳಿಗಾವಿಯ ಕೋಡಿಮಠದ 1162ರ ಶಾಸನವು ಆ ಮಠವನ್ನು ವ್ಯಾಕರಣ, ದರ್ಶನಗಳನ್ನು ಕಲಿಸುವ, ಹಸಿದವರಿಗೆ ಅನ್ನ, ರೋಗಿಗಳಿಗೆ ಮದ್ದು ಕೊಡುವ ತಾಣವೆಂದು ವರ್ಣಿಸುತ್ತದೆ. ಇಂಥ ದಾನಶಾಸನಗಳು ಕೊಟ್ಟವರು ಯಾರು, ಪಡೆದವರು ಯಾರು, ಯಾವ ಕೆಲಸಕ್ಕೆ, ಭೂಮಿಯ ಎಲ್ಲೆ ಯಾವುದು ಎಂಬುದನ್ನೆಲ್ಲ ಒಂದೇ ಕಲ್ಲಿನಲ್ಲಿ ಹೇಳುತ್ತವೆ. ದೇವಾಲಯಕ್ಕೆ ಕೊಟ್ಟ ದತ್ತಿಯಲ್ಲಿ ಒಡೆದದ್ದನ್ನು, ಜೀರ್ಣವಾದದ್ದನ್ನು ಸರಿಪಡಿಸಲು ಪಾಲು ಇಡುವುದು ವಾಡಿಕೆಯಾಗಿತ್ತು. ಕಟ್ಟಿದರೆ ಸಾಲದು, ಕಾಯಲೂ ಹಣ ಬೇಕು ಎಂಬ ಈ ತಿಳಿವಳಿಕೆಯೇ ಇಂದಿನ ತಂತ್ರಾಂಶ ಅನುದಾನಗಳಲ್ಲಿ ಹೆಚ್ಚಾಗಿ ಕಾಣೆಯಾಗಿದೆ. (ಷರತ್ತು ಮುರಿದವನಿಗೆ ನರಕದ ಶಾಪ ಹಾಕುವ ಅನುಕೂಲವೂ ಇಂದಿನ ಪರವಾನಗಿಗಳಿಗಿಲ್ಲ.)

ದಾಖಲೀಕರಣದ ಕಡೆ 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ದೊಡ್ಡ ಆಸರೆಯಾಯಿತು. ಮೆನು, ಗುಂಡಿ, ಸೂಚನೆಗಳನ್ನು ಕನ್ನಡಕ್ಕೆ ತರುವ ಅಭ್ಯಾಸ ಅನೇಕರಿಗೆ ಅಲ್ಲಿಯೇ ಆಯಿತು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿ, ವಿಕಿಮೀಡಿಯ ಫೌಂಡೇಶನ್ನಿನ ಅನುದಾನದಿಂದ ಇದಕ್ಕೆ ಸಂಬಳದ ಕೈಗಳನ್ನೂ ಒದಗಿಸಿತು. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನೂ, ಸಾಹಿತಿ ನಿರಂಜನರ ಕುಟುಂಬ ಅವರ ಕೃತಿಗಳನ್ನೂ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟದ್ದು 2014ರಲ್ಲಿ. ಇವು ತಂತ್ರಾಂಶಗಳಲ್ಲ. ಆದರೂ ಕಾಗುಣಿತ ಪರೀಕ್ಷಕ, ಪದಹುಡುಕು, ಅನುವಾದದಂಥ ತಂತ್ರಾಂಶಗಳಿಗೆ ಮುಕ್ತವಾದ ಪಠ್ಯವೇ ಆಹಾರ.

ಹಣ ಮತ್ತು ದಾಖಲೆ ಚೆನ್ನಾಗಿ ಕೂಡಿಬಂದ ಉದಾಹರಣೆ ‘ಅಲರ್’ ನಿಘಂಟು. ವಿ. ಕೃಷ್ಣ ಒಬ್ಬರೇ ದಶಕಗಳ ಕಾಲ ಕೂತು 1,50,000ಕ್ಕೂ ಹೆಚ್ಚು ಕನ್ನಡ ಪದಗಳಿಗೆ ಇಂಗ್ಲಿಷ್ ಅರ್ಥ ಬರೆದರು. ಬೆಂಗಳೂರಿನ ಝೆರೋಧಾ ಸಂಸ್ಥೆಯ ಕೈಲಾಶ್ ನಾಧ್, ಅದಕ್ಕೂ ಮೊದಲು ಮಲಯಾಳಂನ ‘ಓಳಂ’ ನಿಘಂಟನ್ನು ಕಟ್ಟಿದವರು, 2019ರಲ್ಲಿ ಇದನ್ನು ಬೆಳಕಿಗೆ ತರಲು ನೆರವಾದರು. ಜಾಲತಾಣವಷ್ಟೇ ಅಲ್ಲ, ಹಿಂದಿರುವ ಇಡೀ ದತ್ತಾಂಶವೇ ಮುಕ್ತ ಪರವಾನಗಿಯಲ್ಲಿದೆ. ತಾಣ ನಾಳೆ ಮುಚ್ಚಿದರೂ ನಿಘಂಟು ಉಳಿಯುತ್ತದೆ ಎಂಬುದೇ ಇದರ ಹೆಚ್ಚುಗಾರಿಕೆ.

ಸಂಘಟಿತ ಅನುದಾನ ತಡವಾಗಿ ಬಂತು. ಭಾರತ ಸರ್ಕಾರ 2015ರಲ್ಲಿ ಮುಕ್ತ ತಂತ್ರಾಂಶ ಬಳಕೆಯ ನೀತಿಯನ್ನು ಹೊರಡಿಸಿತಾದರೂ ಅದು ಕಚೇರಿಗಳು ಏನು ಬಳಸಬೇಕೆಂಬುದರ ಬಗ್ಗೆ, ಬರೆಯುವವರ ಹೊಟ್ಟೆಪಾಡಿನ ಬಗ್ಗೆ ಅಲ್ಲ. 2020ರ ಸುಮಾರಿಗೆ ಬೆಂಗಳೂರಿನಲ್ಲಿ ‘ಫಾಸ್ ಯುನೈಟೆಡ್’ ಸಂಸ್ಥೆ ರೂಪುಗೊಂಡು ಯೋಜನೆಗಳಿಗೆ ಸಣ್ಣ ಅನುದಾನಗಳನ್ನು ಕೊಡತೊಡಗಿತು. 2024ರ ಅಕ್ಟೋಬರಿನಲ್ಲಿ ಝೆರೋಧಾ ವರ್ಷಕ್ಕೆ 10 ಲಕ್ಷ ಡಾಲರ್‌ಗಳ ‘ಫ್ಲಾಸ್ ಫಂಡ್’ ಘೋಷಿಸಿತು. ಆಯ್ಕೆಯಾದ ಯೋಜನೆಗೆ 10,000ದಿಂದ 1,00,000 ಡಾಲರ್. ಅರ್ಜಿದಾರರು ತಾವು ಯಾರು, ಹಣ ಯಾವುದಕ್ಕೆ ಬೇಕು ಎಂಬುದನ್ನು ನಿಗದಿತ ನಮೂನೆಯ ಕಡತದಲ್ಲಿ ಬರೆದು ತಮ್ಮ ತಾಣದಲ್ಲೇ ಬಹಿರಂಗವಾಗಿ ಇಡಬೇಕು. ನಿಧಿ ಜಗತ್ತಿನ ಎಲ್ಲ ಯೋಜನೆಗಳಿಗೂ ತೆರೆದದ್ದು, ಕನ್ನಡಕ್ಕೆಂದು ಮೀಸಲಾದದ್ದಲ್ಲ. ಕನ್ನಡದ ತಂತ್ರಾಂಶಗಳಿಗೆ ಸರ್ಕಾರ ಹಣ ಕೊಡುವಾಗ ಎರಡು ಷರತ್ತು ಹಾಕಿದರೆ ಸಾಕು: ಸಂಕೇತ ಮತ್ತು ಕೈಪಿಡಿ ಮುಕ್ತವಾಗಿರಬೇಕು, ಮೊತ್ತದ ಒಂದು ಪಾಲು ಮುಂದಿನ ವರ್ಷಗಳ ದುರಸ್ತಿಗೆ ಎತ್ತಿಟ್ಟಿರಬೇಕು.